ಫೋರ್ಡ್ ಗಾಡಿಯ ಕಬ್ಜಾ

ಹಿಟ್ಟಿನ ಗಿರಣಿ ಎಂಬ ಮಾತು ಮೈದುನ ಅಮೀರ್ ಅಲಿಯ ಬಾಯಿಂದ ಬಿದ್ದಾಗ ಕಮರುನ್ನೀಸಾಳ ಕೈಯಲ್ಲಿದ್ದ ಚಹಾದ ಬಸಿ ಅಲ್ಲಾಡಲಿಲ್ಲ. ಸಿಟ್ಟು ಬಂದಷ್ಟೂ ಆಕೆಯ ಕೈ ಗಟ್ಟಿಯಾಗುತ್ತಿತ್ತು. ಶಹಾಬಾದಿನ ಆ ಓಣಿಗೆಲ್ಲ ಗೊತ್ತಿದ್ದ ಈ ಸಂಗತಿ ಅಮೀರ್ ಅಲಿಯೊಬ್ಬನಿಗೆ ಗೊತ್ತಿರಲಿಲ್ಲ. ಅವನು ಮಾತು ಮುಂದುವರಿಸಿದ.

"ಹಿಂದಿನ ಗಾಲಿ ಎತ್ತಿ ಕಲ್ಲಿನ ಮ್ಯಾಲ ನಿಲ್ಲಸೋದು ಭಾಭಿ. ಗಾಲಿಗಿ ಪಟ್ಟಾ ಹಾಕೋದು, ಆ ಪಟ್ಟಾ ಬೀಸೋ ಕಲ್ಲಿಗಿ. ವಾಡ್ಯಾಗ ಒಬ್ಬಾಂವ ಹಿಂಗೇ ಮಾಡ್ಯಾನ. ಜ್ವಾಳ ಹಾಕಿದ್ರ ಹಿಟ್ಟು ಸುರೀತದ. ತಗಡಿನ ಕೆಳಗ ನಿಂತು ತುಕ್ಕು ಹಿಡಿಯೋದಕ್ಕಿಂತ ಅದು ಭೇಷಲ್ಲೇನ್ರಿ?"

ಅಂಗಳದ ತಗಡಿನ ಚಪ್ಪರದ ಕೆಳಗೆ ನಿಂತಿದ್ದ ಕರಿ ಬಣ್ಣದ ಫೋರ್ಡ್ ಗಾಡಿಯ ವಿಚಾರ ಇದು. ಗಾಡಿ ತಂದವನು ಅಮೀರ್ ಅಲಿಯ ಅಣ್ಣ, ಫರಸಿ ಕಲ್ಲಿನ ಗುತ್ತೇದಾರ ಅಬ್ದುಲ್ ಕರೀಮ್. ಅವನು ಆ ಚಳಿಗಾಲದಲ್ಲಿ ಎದೆನೋವಿನಿಂದ ತೀರಿಕೊಂಡಿದ್ದ. ಕಮರುನ್ನೀಸಾ ಅವನ ಹೆಂಡತಿ. ಮಕ್ಕಳಿರಲಿಲ್ಲ. ಗಂಡ ಸತ್ತ ಹೆಂಗಸು ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ದಿನಗಳು ಮುಗಿದು, ಆಕೆ ಹೊಸ್ತಿಲು ದಾಟಬಹುದಾದ ಮೊದಲ ವಾರ ಅದು. ಮನೆ, ಕಲ್ಲಿನ ಕಣಿ, ಎತ್ತು, ಎಲ್ಲದರ ಪಾಲನ್ನೂ ಹಿರಿಯರು ಕೂತು ಬಗೆಹರಿಸಿದ್ದರು. ಆಕೆ ಒಂದಕ್ಕೂ ತಕರಾರು ತೆಗೆದಿರಲಿಲ್ಲ.

"ಗಾಡಿ ನಂದದ," ಎಂದಳು.

"ನಿಮ್ಮದು ಅಂದ್ರ?"

"ನಿಮ್ಮಣ್ಣ ನಂಗ ಕೊಟ್ಟಾರ. ನಾ ಕಬೂಲ್ ಅಂದೀನಿ. ಭಾಗಮ್ಮ ಸಾಕ್ಷಿ ಅದಾಳ."

ಅಮೀರ್ ಅಲಿ ಕೆಟ್ಟ ಮನುಷ್ಯನಲ್ಲ. ನಮಾಜು ತಪ್ಪಿಸುವವನಲ್ಲ, ಸುಳ್ಳು ಹೇಳುವವನಲ್ಲ, ಅತ್ತಿಗೆಯ ಊಟಬಟ್ಟೆಗೆ ಕಡಿಮೆ ಮಾಡುವವನೂ ಅಲ್ಲ. ಆದರೆ ಆ ಗಾಡಿಯ ಮಾತು ಬಂದರೆ ಮಾತ್ರ ಅವನ ಮೂಗು ಕೆಂಪಾಗುತ್ತಿತ್ತು. ಯಾಕೆ ಎಂದು ಯಾರೂ ಕೇಳಿರಲಿಲ್ಲ.

ಕೊಟ್ಟದ್ದು ಖರೆ. ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಡಬ್ಬಿಯಿಂದ ಗಾಡಿ ಇಳಿಸಿಕೊಂಡು ಅಬ್ದುಲ್ ಕರೀಮ್ ಅದನ್ನು ಶಹಾಬಾದಿಗೆ ಹೊಡೆದುಕೊಂಡು ಬಂದ ದಿನ, ಊರಿಗೆ ಊರೇ ಬಾಯಿ ತೆರೆದುಕೊಂಡು ನಿಂತಿತ್ತು. ಅವನು ಅಂಗಳದ ಬಾಗಿಲು ಹಾಕಿಸಿ, ಹೆಂಡತಿಯನ್ನು ಕರೆದು, "ಇದು ನಿನಗ. ಕಬೂಲೇನು?" ಅಂದಿದ್ದ. ನಿಕಾಹಿನ ದಿನ ತಲೆ ತಗ್ಗಿಸಿಕೊಂಡು ಹೇಳಿದ ಮಾತನ್ನು ಆಕೆ ಈ ಸಲ ತಲೆಯೆತ್ತಿ ನಗುತ್ತ ಹೇಳಿದಳು. ಕಬೂಲ್, ಕಬೂಲ್, ಕಬೂಲ್. ಪಕ್ಕದ ಮನೆಯ ಭಾಗಮ್ಮ ಗೋಡೆಯ ಮೇಲಿಂದ ಇಣುಕಿ, "ಇದೇನ್ರಿ ಆಪಾ, ಎರಡನೇ ಮದವ್ಯಾ?" ಎಂದು ಕೇಳಿದ್ದಳು.

ಇನ್ನು ಆ ಗಾಡಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ಪಾಪ ಬಂದೀತು. ಮುಂದೆ ನಮ್ಮ ರಸ್ತೆಗಳ ಮೇಲೆ ಎಂತೆಂಥ ಮೋಟಾರುಗಳು ಓಡಿದವು. ಮೂತಿ ಉದ್ದದವು, ಹೊಟ್ಟೆ ನೆಲಕ್ಕೆ ತಾಗುವಂಥವು, ಸೀಟಿನಲ್ಲಿ ಕೂತರೆ ಮಂಚದಲ್ಲಿ ಮಲಗಿದ ಹಾಗಾಗುವಂಥವು. ಇರಲಿ. ಅವು ಚಂದದ ಗಾಡಿಗಳು, ಚಂದದ ರಸ್ತೆ ಬೇಕು ಅವಕ್ಕೆ. ಈ ಹಳೆಯ ಫೋರ್ಡಿಗೆ ರಸ್ತೆಯೇ ಬೇಕಿರಲಿಲ್ಲ. ಎತ್ತಿನ ಗಾಡಿ ಹೋದಲ್ಲೆಲ್ಲ ಅದು ಹೋಗುತ್ತಿತ್ತು. ತೊಗರಿ ಹೊಲದ ಎರೆಮಣ್ಣಿನಲ್ಲಿ ಹೂತರೆ ನಾಲ್ಕು ಮಂದಿ ಎತ್ತಿ ಇಡಬಹುದಿತ್ತು. ಕೆಟ್ಟರೆ ತಂತಿ, ಹಗ್ಗ, ಚಪ್ಪಲಿ ಹೊಲಿಯುವವನ ತೊಗಲು, ಏನಿದ್ದರೂ ನಡೆಯುತ್ತಿತ್ತು. ಚಾವಿ ತಿರುವಿದರೆ ಮುಂದೆ ಕಿಡಿ ಹೊತ್ತಿಸುವ ಮರದ ಡಬ್ಬಿಯೊಳಗೆ ಜೀರುಂಡೆಗಳು ಗುಂಯ್‌ಗುಟ್ಟಿದಂಥ ಸದ್ದಾಗುತ್ತಿತ್ತು. ಮೂತಿಯ ಕೆಳಗಿನ ಹ್ಯಾಂಡಲ್ ಸುತ್ತಿದರೆ ಗಾಡಿಗೆ ಗಾಡಿಯೇ ಚಳಿಜ್ವರ ಬಂದವರಂತೆ ನಡುಗುತ್ತ ಎದ್ದು ನಿಲ್ಲುತ್ತಿತ್ತು. ಆ ನಡುಕ ಕಂಡು ನಕ್ಕವರು ಬಹಳ. ಹಳ್ಳದ ನಡುವೆ ತಮ್ಮ ದೊಡ್ಡ ಮೋಟಾರು ಸಿಕ್ಕಿಬಿದ್ದಾಗ ಇದೇ ಗಾಡಿಗೆ ಹಗ್ಗ ಕಟ್ಟಿಸಿಕೊಂಡವರೂ ಅವರೇ.

ಕಮರುನ್ನೀಸಾಳಿಗೆ ಆ ಗಾಡಿ ಎಂದರೆ ಜೀವ. ಹತ್ತು ಹನ್ನೆರಡು ವರ್ಷಗಳ ಕಾಲ ಹಿಂದಿನ ಸೀಟಿನಲ್ಲಿ, ನಾಲ್ಕೂ ಕಡೆ ಕಟ್ಟಿದ ಪರದೆಯೊಳಗೆ ಕೂತು ಆಕೆ ಚಿತ್ತಾಪುರ ನೋಡಿದ್ದಳು, ಸೇಡಂ ನೋಡಿದ್ದಳು, ಚಿಂಚೋಳಿಯ ಗುಡ್ಡ ನೋಡಿದ್ದಳು. ಗಂಡ ಹೋದ ಮೇಲೆ ಅವನ ದನಿ ಮನೆಯಲ್ಲಿ ಎಲ್ಲಾದರೂ ಉಳಿದಿದ್ದರೆ ಅದು ಆ ಇಂಜಿನಿನೊಳಗೆ ಎಂದು ಆಕೆಗೆ ಅನ್ನಿಸುತ್ತಿತ್ತು. ಅದನ್ನು ಗೂಟಕ್ಕೆ ಕಟ್ಟಿ ಜೋಳ ಬೀಸುವುದೆಂದರೆ, ಛೇ, ಆಕೆಗೆ ಯೋಚಿಸುವುದೂ ಆಗಲಿಲ್ಲ.

ಚಿತ್ತಾಪುರದ ಖಾಜಿ ಸಾಹೇಬರು ಅದೇ ವಾರ ಶಹಾಬಾದಿನ ತಮ್ಮ ನೆಂಟರ ಮನೆಗೆ ಬಂದಿದ್ದರು. ಮೈದುನ ಅತ್ತಿಗೆ ಇಬ್ಬರೂ ಅಲ್ಲಿಗೆ ಹೋದರು. ಪಡಸಾಲೆಯಲ್ಲಿ ಚಾದರ ಕಟ್ಟಿ, ಈಚೆ ಗಂಡಸರು, ಆಚೆ ಕಮರುನ್ನೀಸಾ ಮತ್ತು ಭಾಗಮ್ಮ. ಖಾಜಿಯವರು ಎಲೆಯಡಿಕೆ ಅಗಿಯುತ್ತ ಎಲ್ಲ ಕೇಳಿಸಿಕೊಂಡರು.

"ನೋಡಮ್ಮ," ಎಂದರು, "ದಾನ ಅಂದ್ರ ಮೂರು ಮಾತು ಬೇಕು. ಕೊಟ್ಟೆ ಅನ್ನಬೇಕು, ತಗೊಂಡೆ ಅನ್ನಬೇಕು. ಎರಡೂ ಆಗ್ಯಾವ. ಮೂರನೇದು ಕಬ್ಜಾ. ಕೊಟ್ಟ ವಸ್ತು ತಗೊಂಡವರ ಕೈಯಾಗ ಬಂದಿರಬೇಕು. ಕೊಟ್ಟಾಂವ ಸಾಯೋತನಕ ತನ್ನ ಕೈಯಾಗೇ ಇಟ್ಕೊಂಡಿದ್ರ ಅದು ದಾನಲ್ಲ, ಬರೀ ಬಾಯಿಮಾತು."

"ಅದೇ ನಾನೂ ಹೇಳಾಕತ್ತೀನ್ರಿ," ಎಂದ ಅಮೀರ್ ಅಲಿ. "ಗಾಡಿ ಹೊಡೆದಾಂವ ಅಣ್ಣ. ಇವ್ರು ಹಿಂದ ಕುಂತಾರ. ಹಿಂದ ಕುಂತಾಕಿ ಕಬ್ಜಾ ಹ್ಯಾಂಗ ಆಗ್ತದ? ಅವ್ರಿಗಿ ಹ್ಯಾಂಡಲ್ ಯಾವ ಕಡಿ ತಿರುಗ್ತದ ಅನ್ನೋದೂ ಕೂನಿಲ್ಲ."

ಚಾದರದ ಆಚೆಯಿಂದ ದನಿ ಬಂತು. "ಕೂನದ."

"ಹೊಡೀತೀರೇನು?" ಅಮೀರ್ ಅಲಿ ನಕ್ಕುಬಿಟ್ಟ.

"ಹೊಡೀತೀನಿ."

ಹೇಳಿದ ಮೇಲೆ ಆಕೆಗೇ ಗಾಬರಿಯಾಯಿತು. ಭಾಗಮ್ಮ ತೊಡೆ ಚಿವುಟಿದಳು. ಖಾಜಿಯವರು ಎಲೆ ಉಗುಳಿ ಚಾದರದ ಕಡೆ ತಿರುಗಿದರು.

"ಹಂಗಾದ್ರ ಹಿಂಗ ಮಾಡೋಣು," ಎಂದರು. "ಬರೋ ಜುಮ್ಮಾ ಬಿಟ್ಟು ಅದರ ಮುಂದಿನ ಜುಮ್ಮಾಕ್ಕ ಗಾಡಿ ಚಿತ್ತಾಪುರಕ್ಕ, ನನ್ನ ಬಾಗಿಲಿಗಿ ತರ್ರಿ. ನೀವೇ ಹೊಡಕೊಂಡು ಬರಬೇಕು. ಬಂದ್ರ ನಿಮ್ಮ ಮಾತು ಪೂರಾ ಕೇಳ್ತೀನಿ. ಬರಲಿಲ್ಲಂದ್ರ ಗಾಡಿ ಎಲ್ಲಾ ವಾರಸುದಾರರದು, ಗಿರಣಿ ಆಗ್ಲಿ ಮತ್ತೊಂದಾಗ್ಲಿ ಅವರ ಇಷ್ಟ. ಒಪ್ಪಿಗೇನು?"

ಅಮೀರ್ ಅಲಿ ಒಪ್ಪಿದ. ಮನೆಗೆ ಹೋಗುವ ದಾರಿಯಲ್ಲೇ ಬೀಸುವ ಕಲ್ಲಿಗೆ ಹೇಳಿ ಬಂದ ಎಂದು ಆಮೇಲೆ ಗೊತ್ತಾಯಿತು.

ಗಾಡಿ ಹೊಡೆಯುವುದು ಆಕೆಗೆ ನಿಜಕ್ಕೂ ಗೊತ್ತಿತ್ತೇ? ಅರ್ಧ ಗೊತ್ತಿತ್ತು. ಪರದೆಯ ಸಂದಿನಿಂದ ವರ್ಷಗಟ್ಟಲೆ ನೋಡಿದ್ದು ಗಂಡನ ಕಾಲುಗಳನ್ನು. ಫೋರ್ಡಿಗೆ ಮೂರು ಪೆಡಲು. ಎಡಗಡೆಯದು ಪೂರಾ ಒತ್ತಿದರೆ ಗಾಡಿ ನಿಧಾನಕ್ಕೆ ಎಳೆಯುತ್ತದೆ, ಬಿಟ್ಟರೆ ಜೋರು ಓಡುತ್ತದೆ. ಬಲಗಡೆಯದು ಬ್ರೇಕು. ನಡುವಿನದು ಹಿಂದಕ್ಕೆ ಹೋಗುವುದಕ್ಕೆ. ಇಷ್ಟು ಆಕೆಗೆ ಬಾಯಿಪಾಠ. ಆದರೆ ಇಂಜಿನಿಗೆ ಪೆಟ್ರೋಲು ಬಿಡುವ ಪೆಡಲು ಎಲ್ಲಿ? ಅಂಥದ್ದು ಇರಲೇ ಇಲ್ಲ. ಅದು ಸ್ಟೇರಿಂಗಿನ ಕೆಳಗೆ, ಕೈಬೆರಳಿನಿಂದ ಎಳೆಯುವ ಸಣ್ಣದೊಂದು ಹಿಡಿಕೆ; ಗಂಡನ ತೋಳಿನ ಮರೆಯಲ್ಲಿದ್ದ ಅದನ್ನು ಆಕೆ ಒಮ್ಮೆಯೂ ಕಂಡಿರಲಿಲ್ಲ. ಮೊದಲ ದಿನ ಗಾಡಿ ಅಂಗಳದಲ್ಲಿ ಕೆಮ್ಮಿ ಕೆಮ್ಮಿ ಸುಮ್ಮನಾಯಿತು. ಎರಡನೆಯ ದಿನ ಆ ಹಿಡಿಕೆ ಕೈಗೆ ಸಿಕ್ಕಿತು, ಗಾಡಿ ಫರಸಿ ಕಲ್ಲಿನ ಗುಡ್ಡೆಗೆ ಹೋಗಿ ಮುತ್ತಿಕ್ಕಿತು.

ಹ್ಯಾಂಡಲ್ ಸುತ್ತುವ ಕೆಲಸ ಭಾಗಮ್ಮನದು. ಭಾಗಮ್ಮನ ಗಂಡ ಕಣಿಯಿಂದ ಕಲ್ಲು ಸಾಗಿಸುವ ಎತ್ತಿನ ಗಾಡಿ ಹೊಡೆಯುವವನು. ಅವನು ಮಲಗಿದ ದಿನ ನೊಗ ಹಿಡಿಯುತ್ತಿದ್ದವಳು ಆಕೆಯೇ. ತೋಳು ಒನಕೆಯಂತಿದ್ದವು. ಮೊದಲ ಸಲ ಹ್ಯಾಂಡಲ್ ತಿರುಗಿ ಒದ್ದಾಗ ಆಕೆ ಅದಕ್ಕೆ ಕೊಟ್ಟ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಗಾಲಿಯಲ್ಲಿ ಕಂಡಿತು. ಗಾಲಿಯ ಅರಗಳು ಕಟ್ಟಿಗೆಯವು. ತಗಡಿನ ಕೆಳಗೆ ಬಿಸಿಲು ಕುಡಿದು ಒಣಗಿ ಸಡಿಲಾಗಿ ಗಾಡಿ ತಿರುಗಿದಾಗಲೆಲ್ಲ ಕಿರ್ರೋ ಎನ್ನುತ್ತಿದ್ದವು. ಭಾಗಮ್ಮ ಕಿವಿಗೊಟ್ಟು ಕೇಳಿದಳು.

"ಇದಕ ಯಾಕ ಚಿಂತಿ ಮಾಡಾಕತ್ತೀರಿ ಆಪಾ? ನಮ್ಮ ಗಾಡಿ ಗಾಲಿನೂ ಬ್ಯಾಸಗ್ಯಾಗ ಹಿಂಗೇ ಅಳ್ತಾವ. ನೀರು ಕುಡಿಸಿದ್ರ ಸುಮ್ಕಾಗ್ತಾವ."

ನಾಲ್ಕೂ ಗಾಲಿಗೆ ಗೋಣಿತಟ್ಟು ಸುತ್ತಿ, ಮುಂಜಾನೆ ಸಂಜೆ ಕೊಡ ಕೊಡ ನೀರು ಸುರಿದರು. ಕಟ್ಟಿಗೆ ಉಬ್ಬಿತು, ಅರಗಳು ಕಚ್ಚಿ ಕೂತವು, ಕಿರ್ರೋ ನಿಂತಿತು. ಓಣಿಯ ಹೆಂಗಸರು ನೀರಿಗೆ ಬಂದಾಗ ನಿಂತು ನೋಡಿ, ಸತ್ತ ಗಂಡನ ಗಾಡಿಗೆ ನೀರು ಹಾಕಿ ಚಿಗುರಿಸುತ್ತಾಳಂತೆ ಎಂದು ನಕ್ಕು ಹೋದರು. ಕಮರುನ್ನೀಸಾಳಿಗೆ ನೋವಾಯಿತು. ಆದರೆ ಮರುದಿನ ಒಂದು ಕೊಡ ಹೆಚ್ಚೇ ಸುರಿದಳು.

ಹೊರಡುವ ಹಿಂದಿನ ಸಂಜೆ ಕಮರುನ್ನೀಸಾ ರೊಟ್ಟಿ ಕಟ್ಟಿಕೊಳ್ಳಲು ಒಳಗೆ ಹೋಗಿದ್ದಳು. ಆಗ ಭಾಗಮ್ಮ ತನ್ನ ಮನೆಯಿಂದ ಕೀಲೆಣ್ಣೆ ತುಂಬಿಟ್ಟ ಕೊಂಬು ತಂದಳು. ಎತ್ತಿನ ಗಾಡಿ ದೂರದ ದಾರಿಗೆ ಹೊರಡುವ ಮುಂಚೆ ಅಚ್ಚಿಗೆ ಕೀಲೆಣ್ಣೆ ಹಾಕದೆ ಯಾರೂ ಹೊರಡುವುದಿಲ್ಲ. ಹಾಕದವನು ದಾರಿಯಲ್ಲಿ ಕೂತು ಅಳುತ್ತಾನೆ. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಆ ಕರ್ರಗಿನ ಎಣ್ಣೆಯನ್ನು ಭಾಗಮ್ಮ ನಾಲ್ಕೂ ಗಾಲಿಗೆ, ಸಂದಿಗೊಂದಿಯೆಲ್ಲ ಬಿಡದೆ, ಮನಸ್ಸಿಟ್ಟು ಉಣ್ಣಿಸಿದಳು. ಹಿಂದಿನ ಎರಡು ಗಾಲಿಗೆ ಇನ್ನೊಂದು ಸಲ ಉಣ್ಣಿಸಿದಳು, ಭಾರ ಅಲ್ಲೇ ಬೀಳುತ್ತದಲ್ಲ ಎಂದು. ಹೇಳಿದರೆ ಆಪಾ ಬೇಡ ಅಂದಾರು ಎಂದು ಹೇಳಲೂ ಇಲ್ಲ. ಕೈಯಿಂದ ಎಳೆಯುವ ದೊಡ್ಡ ಬ್ರೇಕಿನ ಪಟ್ಟಿಗಳು ಹಿಂದಿನ ಆ ಎರಡು ಗಾಲಿಗಳ ಒಳಗೇ ಇರುತ್ತವೆ ಎಂಬುದು ಎತ್ತಿನ ಗಾಡಿಯವರಿಗೆ ಹೇಗೆ ಗೊತ್ತಾಗಬೇಕು?

ಶುಕ್ರವಾರ ಬೆಳಕು ಹರಿದಾಗ ಹೊರಟರು. ಕಮರುನ್ನೀಸಾ ಬುರ್ಖಾ ತೊಟ್ಟಿದ್ದಳು. ಮುಖದ ಮೇಲಿನ ಜಾಲರಿಯನ್ನು ಹಿಂದಕ್ಕೆ ಹಾಕಿ, ಮೂಗು ಬಾಯಿ ಮುಚ್ಚುವಂತೆ ಓಢಣಿ ಬಿಗಿದು ಕಣ್ಣು ಮಾತ್ರ ಬಿಟ್ಟುಕೊಂಡಿದ್ದಳು. ಓಣಿಯ ಬಾಯಲ್ಲಿ ನಿಂತಿದ್ದ ಒಬ್ಬ ಮುದುಕ, "ಪರ್ದಾ ಎಲ್ಲಿ ಹೋಯ್ತಮ್ಮಾ?" ಎಂದು ಕೂಗಿದ.

"ಪರ್ದಾ ಮಾರಿಗಿ ಅದ ಚಾಚಾ, ಕಣ್ಣಿಗಲ್ಲ," ಎಂದು ಆಕೆಯೂ ಕೂಗಿದಳು. "ಕಣ್ಣು ಮುಚ್ಚಕೊಂಡು ಹೊಡದ್ರ ಮೊದಲು ನೀವೇ ಸಿಗ್ತೀರಿ."

ಊರು ದಾಟಿದ ಮೇಲೆ ಆಕೆ ಎಡಗಾಲು ಬಿಟ್ಟಳು. ಗಾಡಿ ಜೋರು ಹಿಡಿಯಿತು. ಗಾಳಿ ಎದುರಿಗೆ ಬಂತು. ಇಷ್ಟು ವರ್ಷ ಸೀಳು ಸೀಳಾಗಿ ನೋಡಿದ್ದ ಅದೇ ಹೊಲ, ಅದೇ ಬೇವಿನ ಮರ, ಅದೇ ಕಲ್ಲಿನ ಕಣಿ ಈಗ ಇಡಿಯಾಗಿ ಕಣ್ಣಿಗೆ ಬಿದ್ದವು. ಆಕೆಗೆ ಅಳು ಬಂತು. ಗಂಡ ಪಕ್ಕದಲ್ಲಿಲ್ಲ ಎಂದು ಅಳು, ಇಷ್ಟು ಚಂದ ಇದೆಯಲ್ಲ ಎಂದೂ ಅಳು. ಭಾಗಮ್ಮ ಪಕ್ಕದಲ್ಲಿ ಎರಡೂ ಕೈಯಿಂದ ಸೀಟು ಹಿಡಿದು, ಶರಣಬಸಪ್ಪನ ಹೆಸರು ಹೇಳುತ್ತ, ನಡುನಡುವೆ "ಇನ್ನಷ್ಟು ಓಡಸ್ರಿ" ಅನ್ನುತ್ತಿದ್ದಳು.

ಮುಂದೆ ಕಾಗಿಣಾ ಹೊಳೆ. ಶಹಾಬಾದಿನಿಂದ ವಾಡಿ, ಚಿತ್ತಾಪುರದ ಕಡೆ ಹೋಗುವವರೆಲ್ಲ ಹೊಳೆಗೆ ಇಳಿದೇ ದಾಟಬೇಕು. ಬೇಸಿಗೆಯ ನೀರು ಮೊಣಕಾಲಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಹೆದರಿಕೆ ನೀರಿನದಲ್ಲ. ದಂಡೆಯಿಂದ ಕೆಳಗಿಳಿಯುವ ದಾರಿ ಕಡಿದು, ಕೆಳಗೆ ಎಡಕ್ಕೆ ತಿರುಗುತ್ತದೆ. ತಿರುಗುವಲ್ಲಿ ಬಟ್ಟೆ ಒಗೆಯುವವರ ದೊಡ್ಡ ಬಂಡೆಗಳು.

ಆಕೆ ಇಳಿಜಾರಿನ ಬಾಯಲ್ಲಿ ಬ್ರೇಕ್ ಒತ್ತಿದಳು. ಪೆಡಲು ಬೆಣ್ಣೆಯೊಳಗೆ ಹೋದಂತೆ ಕೆಳಗಿನ ಹಲಗೆಗೆ ಹೋಗಿ ತಾಗಿತು. ಗಾಡಿ ನಿಲ್ಲಲಿಲ್ಲ. ಅಂಗಳದಲ್ಲಿ ಕಲಿಯುವಾಗ ಹೆದರಿ ಹೆದರಿ ಅದೊಂದನ್ನೇ ತುಳಿದು, ಒಳಗಿನ ಪಟ್ಟಿ ಸವೆದು ಹೋಗಿತ್ತು. ಆಕೆ ಪಕ್ಕದ ದೊಡ್ಡ ಕೈಬ್ರೇಕನ್ನು ಎರಡೂ ಕೈಯಿಂದ ಹಿಂದಕ್ಕೆ ಎಳೆದಳು. ಆಗ ಇನ್ನೂ ಕೆಟ್ಟದ್ದಾಯಿತು. ಆ ಹಿಡಿಕೆ ಹಿಂದಕ್ಕೆ ಬಂದರೆ ಗಾಲಿಗೂ ಇಂಜಿನಿಗೂ ಇರುವ ನಂಟು ಬಿಡುತ್ತದೆ, ಗಾಲಿಯನ್ನು ಬ್ರೇಕೇ ಹಿಡಿಯಬೇಕು. ಹಿಡಿಯಬೇಕಾದ ಬ್ರೇಕು ಕೀಲೆಣ್ಣೆಯಲ್ಲಿ ಮಿಂದು ಕೂತಿತ್ತು. ಹಗ್ಗ ಹರಿದ ಕರುವಿನಂತೆ ಗಾಡಿ ಓಡಿತು.

"ಹಿಡೀರಿ ಆಪಾ! ಹಿಡೀರಿ!"

"ಹಿಡಿದೀನಿ! ಅದು ಕೇಳವಲ್ದು!"

ಕೆಳಗೆ ಬಂಡೆಗಳು ಕಂಡವು. ಬಂಡೆಯ ಪಕ್ಕ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎದ್ದು ಓಡುವುದು ಕಂಡಿತು. ಕಮರುನ್ನೀಸಾಳಿಗೆ ಆ ಗಳಿಗೆಯಲ್ಲಿ ಸಾವಿನ ಹೆದರಿಕೆ ಆಗಲಿಲ್ಲ. ಗಾಡಿ ಒಡೆದುಹೋದೀತು, ಗಿರಣಿಗೂ ಬಾರದ ಹಾಗೆ ಚೂರಾದೀತು, ಅಮೀರ್ ಅಲಿ ಬಂದು ನೋಡಿ ತಲೆ ಅಲ್ಲಾಡಿಸಿಯಾನು ಎಂದು ಹೆದರಿಕೆಯಾಯಿತು. ಇಲ್ಲ, ಅದು ಆಗಗೊಡುವುದಿಲ್ಲ. ಆಕೆ ಕೆಳಗೆ ನೋಡಿದಳು. ಉಳಿದಿದ್ದದ್ದು ನಡುವಿನ ಪೆಡಲೊಂದೇ. ಹಿಂದಕ್ಕೆ ಹೋಗುವ ಪೆಡಲು. ಮುಂದಕ್ಕೆ ಓಡುತ್ತಿರುವಾಗ ಅದನ್ನು ಯಾರು ಒತ್ತುತ್ತಾರೆ? ಆಕೆ ಸೆರಗು ಬುರ್ಖಾ ಎಲ್ಲ ಮೇಲಕ್ಕೆಳೆದು, ಮೊದಲು ಸ್ವಲ್ಪ, ಆಮೇಲೆ ಎರಡೂ ಕಾಲು ಕೊಟ್ಟು ಒತ್ತಿದಳು.

ಗಾಡಿ ಊಳಿಟ್ಟಿತು. ಮೈಯೆಲ್ಲ ನಡುಗಿತು. ಭಾಗಮ್ಮನ ಹಣೆ ಮುಂದಿನ ಗಾಜಿಗೆ ಬಡಿಯಿತು. ಓಟ ಕಡಿಮೆಯಾಯಿತು, ನಡಿಗೆಯಾಯಿತು. ತಿರುವಿನಲ್ಲಿ ಆಕೆ ಸ್ಟೇರಿಂಗನ್ನು ಮೈಭಾರ ಹಾಕಿ ಎಡಕ್ಕೆ ಎಳೆದಳು. ಗಾಡಿ ಬಂಡೆಗಳ ಪಕ್ಕದಿಂದ ಸಾವಕಾಶ ಸರಿದು, ನೀರಿನ ಅಂಚಿಗೆ ಬಂದು ನಿಂತು, ಏನೂ ಆಗಿಲ್ಲವೆಂಬಂತೆ ಟುಕುಟುಕು ಅನ್ನುತ್ತ ಉಸಿರಾಡಿತು.

ಇದಪ್ಪ ಗಾಡಿ ಅಂದರೆ! ಒಂದು ಬ್ರೇಕು ಸವೆದು ಹೋಗಿ, ಇನ್ನೊಂದನ್ನು ಪ್ರೀತಿಯಿಂದಲೇ ಕೊಂದು ಹಾಕಿದ ಮೇಲೂ, ಹಿಂದಕ್ಕೆ ಹೋಗುವುದಕ್ಕೆಂದು ಇಟ್ಟ ಪೆಡಲಿನಿಂದ ನಿಂತು ಜೀವ ಉಳಿಸುವ ಗಾಡಿ. ಆಮೇಲೆ ಬಂದವು ಎಷ್ಟೋ ಚಂದ ಇರಬಹುದು, ಇಷ್ಟು ಋಣ ಯಾವುದು ಹೊರಿಸೀತು?

ಭಾಗಮ್ಮ ಇಳಿದು ಹಿಂದಿನ ಗಾಲಿ ನೋಡಿದಳು. ಕರಿ ಎಣ್ಣೆ ತೊಟ್ಟಿಕ್ಕುತ್ತಿತ್ತು. ಆಕೆಯ ಮುಖ ಇಳಿಯಿತು.

"ಆಪಾ, ನಾ ಕೀಲೆಣ್ಣಿ ಹಾಕಿದ್ದೆ. ದೂರದ ಹಾದಿ ಅಂತ..."

ಕಮರುನ್ನೀಸಾಳಿಗೆ ಸಿಟ್ಟು ಬಂತು. ಕೈ ಗಟ್ಟಿಯಾಯಿತು. ಆಮೇಲೆ ಭಾಗಮ್ಮನ ಹಣೆಯ ಮೇಲೆ ಏಳುತ್ತಿದ್ದ ಬುಗುಟು ಕಂಡಿತು. ಆಕೆ ಓಢಣಿಯ ತುದಿ ಹೊಳೆಯಲ್ಲಿ ಅದ್ದಿ ಆ ಬುಗುಟಿಗೆ ಒತ್ತಿದಳು.

"ಹತ್ತು. ನೀರಿಗಿ ಇಳಿದ ಮ್ಯಾಲ ಚಳಿ ಏನು?"

"ಹಿಂದಕ ಹೋಗೋಣು ಬರ್ರಿ ಆಪಾ. ಬ್ರೇಕಿಲ್ಲ."

"ಹಿಂದಕ ಹೋಗೋ ಪೆಡಲಿಗಿ ಈಗ ಬ್ಯಾರೆ ಕೆಲಸ ಸಿಕ್ಕದ. ಹತ್ತು."

ಎಡಗಾಲು ಪೂರಾ ಒತ್ತಿ ಹಿಡಿದು ಹೊಳೆ ದಾಟಿದಳು. ನೀರು ಗಾಲಿಯ ನಡುಗುಂಬದವರೆಗೆ ಬಂತು. ಗಾಡಿ ಒಮ್ಮೆಯೂ ತಡವರಿಸಲಿಲ್ಲ. ದಂಡೆಯ ಮೇಲಿನ ಹೆಂಗಸರು ಕೈಯಲ್ಲಿದ್ದ ಬಟ್ಟೆ ಬೀಸಿದರು. ವಾಡಿಯ ರೈಲು ಗೇಟು ಮುಚ್ಚಿತ್ತು. ಆಕೆ ದೂರದಿಂದಲೇ ನಡುವಿನ ಪೆಡಲು ಒತ್ತಿ, ಊಳಿಡಿಸಿ, ಗೇಟಿನ ಮುಂದೆ ತಂದು ನಿಲ್ಲಿಸಿದಳು. ಗೇಟಿನವನು ತನ್ನ ಹಸಿರು ನಿಶಾನೆ ಬೀಸುವುದನ್ನೇ ಮರೆತು ನೋಡಿದ.

ಚಿತ್ತಾಪುರದಲ್ಲಿ ಖಾಜಿಯವರ ಬಾಗಿಲಿಗೆ ಗಾಡಿ ಬಂದು ನಿಂತಾಗ ಜುಮ್ಮಾ ನಮಾಜು ಮುಗಿದು ಜನ ಹೊರಬೀಳುತ್ತಿದ್ದರು. ಮುಂಜಾನೆಯ ರೈಲಿಗೆ ಬಂದಿದ್ದ ಅಮೀರ್ ಅಲಿ ನಮಾಜು ಮುಗಿಸಿ, ಎಲ್ಲರಿಗಿಂತ ಮೊದಲು ಹೊರಬಿದ್ದು ಅಲ್ಲೇ ಕಟ್ಟೆಯ ಮೇಲೆ ಕಾಯುತ್ತಿದ್ದ. ಗಾಡಿ ಕಂಡು ಎದ್ದ. ಅದರ ಒದ್ದೆ ಗಾಲಿ ನೋಡಿದ, ಭಾಗಮ್ಮನ ಹಣೆ ನೋಡಿದ, ಸ್ಟೇರಿಂಗ್ ಹಿಡಿದು ಬೆಳ್ಳಗಾಗಿದ್ದ ಅತ್ತಿಗೆಯ ಬೆರಳು ನೋಡಿದ. 

ಖಾಜಿಯವರು ಹೊರಗೆ ಬಂದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿದರು.

"ತಂದ್ರೇನಮ್ಮ?"

"ತಂದೀನ್ರಿ."

"ಖಾಜಿ ಸಾಹೇಬ್ರ," ಎಂದ ಅಮೀರ್ ಅಲಿ. ದನಿ ಸ್ವಲ್ಪ ತಗ್ಗಿತ್ತು. "ಹೊಡಕೊಂಡು ಬಂದಿದ್ದು ಖರೆ. ಇಲ್ಲ ಅನ್ನಂಗಿಲ್ಲ. ಆದ್ರ ಕಬ್ಜಾ ಅಣ್ಣ ಜೀವಂತ ಇದ್ದಾಗ ಆಗಿರಬೇಕಲ್ಲ? ಈಗ ಕಲತು ಬಂದ್ರ ಅದು ಹ್ಯಾಂಗ?"

ಖಾಜಿಯವರು ಗಡ್ಡ ನೀವಿಕೊಂಡರು. "ಮಾತು ಬರೋಬರಿ ಅದ. ಅಮ್ಮ, ಒಂದೇ ಸವಾಲು. ನಿಮ್ಮ ಗಂಡ ಇದ್ದಾಗ ಒಮ್ಮೆರೆ ಈ ಗಾಡಿ ನಿಮ್ಮ ಕೈಯಿಂದ ಹೊಡದೀರೇನು?"

ಸುತ್ತಲಿನ ಜನ ಹತ್ತಿರಕ್ಕೆ ಸರಿದರು. ಹೌದು ಎಂದರೆ ಸಾಕು, ಗಾಡಿ ಆಕೆಯದು. ಅಂಗಳದ ಗೋಡೆ ಎತ್ತರ. ಭಾಗಮ್ಮನೊಬ್ಬಳನ್ನು ಬಿಟ್ಟರೆ ಒಳಗೆ ಏನಾಗಿತ್ತೆಂದು ನೋಡಿದವರು ಯಾರು? ಭಾಗಮ್ಮ ಹೂಂ ಅನ್ರಿ ಎಂಬಂತೆ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು. ಕಮರುನ್ನೀಸಾ ಆ ಒಂದು ಮಾತನ್ನು ನಾಲಿಗೆಯ ತುದಿಯವರೆಗೂ ತಂದಳು. ಆದರೆ ಗಂಡ ಆಡಿದ್ದು ಬರೀ ಬಾಯಿಮಾತಲ್ಲ ಎಂದು ತೋರಿಸುವುದಕ್ಕೇ ಆಕೆ ಹೊಳೆಯಲ್ಲಿ ಜೀವ ಪಣಕ್ಕಿಟ್ಟದ್ದು. ಅವನ ಖರೆ ಮಾತಿಗೆ ತನ್ನ ಸುಳ್ಳಿನ ಸಾಕ್ಷಿ ಹಾಕುವುದೇ?

"ಇಲ್ರಿ," ಎಂದಳು. "ಅವ್ರು ಇದ್ದಾಗ ನಾ ಒಮ್ಮಿನೂ ಹೊಡೆದಿದ್ದಿಲ್ಲ. ಹಿಂದೇ ಕುಂತೀನಿ. ಅವ್ರು ಗಾಡಿ ಹೊರಗ ತೆಗಿಯೋ ಮುಂಚೆ ನನ್ನ ಕೇಳ್ತಿದ್ರು. ನಾ ಬ್ಯಾಡ ಅಂದ್ರ ತೆಗೀತಿದ್ದಿಲ್ಲ. ಅದಕ್ಕ ಸಾಕ್ಷಿ ಯಾರೂ ಇಲ್ಲ. ಗಂಡ ಹೆಂಡ್ತಿ ಮಾತಿಗಿ ಯಾರು ಸಾಕ್ಷಿ ಇರ್ತಾರ?"

ಹೇಳಿ ಮುಗಿಸಿ ಆಕೆ ಗಾಡಿಯ ಬಾಗಿಲ ಮೇಲೆ ಕೈಯಿಟ್ಟಳು. ಮುಗಿಯಿತು ಎಂದೇ ತಿಳಿದಳು. ಕಣ್ಣು ತುಂಬಿದರೂ ತಲೆ ತಗ್ಗಿಸಲಿಲ್ಲ. ಖಾಜಿಯವರೂ ನಿಟ್ಟುಸಿರು ಬಿಟ್ಟು, ಏನೋ ಹೇಳಲು ಗಂಟಲು ಸರಿಪಡಿಸಿಕೊಂಡರು.

"ಸಾಕ್ಷಿ ಅದ," ಎಂದ ಅಮೀರ್ ಅಲಿ.

ಎಲ್ಲರೂ ಅವನ ಕಡೆ ತಿರುಗಿದರು. ಅವನ ಮೂಗು ಕೆಂಪಾಗಿತ್ತು. ಈ ಸಲ ಕಣ್ಣೂ ಕೆಂಪಾಗಿದ್ದವು.

"ನನ್ನ ಹೆಂಡ್ತಿ ಸರ್ವರಬೇಗಂ ಮೊದಲನೇ ಕೂಸಿನ ಬಾಣಂತನ ಮುಗಿಸಿ ಸೇಡಂನಾಗಿನ ತವರಮನ್ಯಾಗ ಇದ್ದಳು. ಕರ್ಕೊಂಡು ಬರಬೇಕಾಗಿತ್ತು. ಗಾಡಿ ತಗೊಂಡು ಹೋಗಿ ಆಕಿ ತವರಿನವ್ರ ಮುಂದ ಇಳೀಬೇಕು ಅಂತ ನನ್ನ ಆಸೆ. ಅಣ್ಣಗ ಕೇಳಿದೆ. ಅಣ್ಣ ಏನಂದ ಗೊತ್ತದೇನ್ರಿ? 'ಗಾಡಿ ನನ್ನದಲ್ಲ ಅಮೀರ್, ನಿನ್ನ ಭಾಭಿದು. ಆಕಿಗಿ ಕೇಳು' ಅಂದ." ಅವನು ಒದ್ದೆ ಗಾಲಿಯ ಕಡೆ ಕಣ್ಣು ಹೊರಳಿಸಿದ. "ಹೆಂಗಸಿಗಿ ಹೋಗಿ ಗಾಡಿ ಕೇಳೋದಾ ಅಂತ ನಂಗ ಸಿಟ್ಟು ಬಂತು. ಕೇಳಲಿಲ್ಲ. ಎತ್ತಿನ ಗಾಡ್ಯಾಗ ಹೋದೆ. ಬಿಸಿಲಾಗ ಹಾದಿ ತುಂಬ ಕೂಸು ಅತ್ತು ಅತ್ತು ಸಾಕಾತು. ಅವತ್ತಿನಿಂದ ಈ ಗಾಡಿ ಕಂಡ್ರ ನಂಗ ಆಗ್ತಿದ್ದಿಲ್ಲ."

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಸೇಡಂನ ಈ ಸಂಗತಿ ಕಮರುನ್ನೀಸಾಳಿಗೆ ಗೊತ್ತೇ ಇರಲಿಲ್ಲ. ಗಂಡ ಹೇಳಿರಲಿಲ್ಲ, ಮೈದುನ ಕೇಳಿರಲಿಲ್ಲ. ಇಷ್ಟು ವರ್ಷ ಒಂದೇ ಓಣಿಯಲ್ಲಿ ಎರಡು ಮನೆ, ನಡುವೆ ಈ ಗಾಡಿ.

"ಕೊಟ್ಟಾಂವ ತನ್ನದಲ್ಲ ಅಂದ ಮ್ಯಾಲ ಅದು ಯಾರ ಕೈಯಾಗಿತ್ತು ಅಂತ ನಾ ಮತ್ತ ಕೇಳಬೇಕಾಗಿಲ್ಲ," ಎಂದರು ಖಾಜಿಯವರು. "ಕಬ್ಜಾ ಅವತ್ತೇ ಆಗ್ಯದ. ಗಾಡಿ ಈಕಿದು. ಹೋಗ್ರಿ, ನನ್ನ ಊಟ ಆರಾಕತ್ಯದ."

ಜನ ಚದುರಿದರು. ಭಾಗಮ್ಮ ಕಟ್ಟೆಯ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚಿದಳು. ಅಮೀರ್ ಅಲಿ ಹೋಗಲಿಲ್ಲ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ, ಗಾಡಿಯ ಮುಂದಿನ ದೀಪವನ್ನು ತೋಳಿನಿಂದ ಒರೆಸಿದ. ಕಡೆಗೆ ನೆಲ ನೋಡುತ್ತಲೇ ಬಾಯಿಬಿಟ್ಟ.

"ಭಾಭಿ. ಸರ್ವರ್ ಸೇಡಂನಾಗಿನ ತವರಮನಿ ನೋಡಿ ವರ್ಷ ಆಯ್ತು. ಮುಂದಿನ ವಾರ ಗಾಡಿ ಕೊಡ್ತೀರೇನ್ರಿ?"

ಕಮರುನ್ನೀಸಾ ಅವನನ್ನು ಚೆನ್ನಾಗಿ ನೋಡಿದಳು.

"ಗಾಡಿ ಕೊಡಂಗಿಲ್ಲ," ಎಂದಳು.

ಅಮೀರ್ ಅಲಿಯ ಮುಖ ಬಾಡಿತು. ತಲೆಯಾಡಿಸಿ ಸ್ಟೇಷನ್ನಿನ ಕಡೆ ಎರಡು ಹೆಜ್ಜೆ ಹಾಕಿದ.

"ಸರ್ವರ್‌ಗ ತಯಾರಾಗಲಿಕ್ಕ ಹೇಳು," ಎಂದಳು ಆಕೆ ಹಿಂದಿನಿಂದ. "ನಾನೇ ಒಯ್ತೀನಿ. ನೀನೂ ಬಾ. ಹಿಂದ ಕುಂದ್ರು."